ಹಗಲಲ್ಲಿ ನೆಲಕ್ಕಿಳಿದು ಕೂತ ಮರಗಪ್ಪೆ

ಪ್ರಶ್ನೆ: ನಾವು ಸಿಡ್ನಿಯಲ್ಲಿದ್ದೇವೆ. ಪರವಾನಗಿ ಮಾಡಿಸಿ, ಮಗಳಿಗಾಗಿ ಒಂದು ಹಸಿರು ಮರಗಪ್ಪೆಯನ್ನು ಮೂರು ವರ್ಷದಿಂದ ಸಾಕುತ್ತಿದ್ದೇವೆ. ಹತ್ತು ದಿನದಿಂದ ಅದು ಹುಳ ಮುಟ್ಟಿಲ್ಲ. ಮೈ ಕಂದು ಬಣ್ಣಕ್ಕೆ ತಿರುಗಿದೆ. ಎರಡು ದಿನದಿಂದ ಹಗಲು ಹೊತ್ತಿನಲ್ಲೇ ಗಾಜಿನ ಪೆಟ್ಟಿಗೆಯ ತಳದಲ್ಲಿ ಕೂತಿರುತ್ತದೆ. ಇದು ಚಳಿಗೆ ಹೀಗಾಗಿದೆಯೋ, ಕಾಯಿಲೆಯೋ? ಊರಿನಿಂದ ಅತ್ತೆ ಫೋನ್ ಮಾಡಿದಾಗ, ನೀರಿಗೆ ಚಿಟಿಕೆ ಅರಿಶಿನ ಹಾಕಿ ನೋಡು ಅಂದರು. ಏನು ಮಾಡಲಿ?

ಉತ್ತರ: ಅರಿಶಿನ ಬೇಡ. ಅತ್ತೆಯವರ ಕಾಳಜಿ ದೊಡ್ಡದು, ಆದರೆ ಕಪ್ಪೆಯ ಮೈ ನಮ್ಮ ಮೈಯಂತಲ್ಲ. ನಮಗೆ ಚರ್ಮ ಒಂದು ಹೊದಿಕೆ. ಕಪ್ಪೆಗೆ ಅದೇ ಬಾಯಿ, ಅರ್ಧ ಶ್ವಾಸಕೋಶ, ಅರ್ಧ ಮೂತ್ರಪಿಂಡ. ಅದು ಬಾಯಿಂದ ನೀರು ಕುಡಿಯುವುದೇ ಇಲ್ಲ, ಹೊಟ್ಟೆಯಡಿಯ ಮತ್ತು ತೊಡೆಯ ತೆಳು ಚರ್ಮವನ್ನು ನೀರಿಗೆ ಒತ್ತಿ ಕೂತು ಹೀರಿಕೊಳ್ಳುತ್ತದೆ. ಆ ನೀರಿನಲ್ಲಿ ಏನಿದ್ದರೂ ನೇರವಾಗಿ ರಕ್ತಕ್ಕೆ ಹೋಗುವ ದಾರಿ ತೆರೆದಿರುತ್ತದೆ. ಅರಿಶಿನ, ಉಪ್ಪು, ಜೇನು, ಬೇವಿನ ರಸ, ನಮ್ಮ ಗಾಯಕ್ಕೆ ಹಚ್ಚುವ ಮುಲಾಮು ಯಾವುದನ್ನೂ ಅದರ ಹತ್ತಿರ ತರಬೇಡಿ. ಕೆಲವು ಮುಲಾಮುಗಳಲ್ಲಿ ನೋವು ಮರೆಸುವ ಮದ್ದು ಸೇರಿರುತ್ತದೆ. ಅಷ್ಟು ಚಿಕ್ಕ ಜೀವವನ್ನು ಕೊಲ್ಲಲು ಅದು ಸಾಕು.

ಇನ್ನು ನೀವು ಬರೆದ ಮೂರು ಲಕ್ಷಣಗಳು. ಬಣ್ಣ ಮತ್ತು ಊಟದ ವಿಷಯವಷ್ಟೇ ಆಗಿದ್ದರೆ ಕೆಲವು ದಿನ ಕಾದು ನೋಡಿ ಅನ್ನುತ್ತಿದ್ದೆ. ಮೂರನೆಯದನ್ನು ಓದಿದ ಮೇಲೆ ಹಾಗನ್ನಲಾರೆ. ಕಪ್ಪೆಗಳನ್ನು ನೋಡುವ ಪಶುವೈದ್ಯರಿಗೆ ಇವತ್ತೇ ಫೋನ್ ಮಾಡಿ. ನಾಯಿ ಬೆಕ್ಕು ಮಾತ್ರ ನೋಡುವ ಕ್ಲಿನಿಕ್ಕಾದರೆ, ಕಪ್ಪೆ ನೋಡುವವರು ಯಾರು ಎಂದು ಅವರನ್ನೇ ಕೇಳಿ.

ಬಣ್ಣದ ಬಗ್ಗೆ ಯಾಕೆ ಅಷ್ಟು ಹೆದರಬೇಕಿಲ್ಲ ಎಂದರೆ, ಈ ಕಪ್ಪೆಯ ಹಸಿರು ಒಂದೇ ಬಣ್ಣದಿಂದ ಆದದ್ದಲ್ಲ. ಮೇಲೊಂದು ಹಳದಿ ಪದರ, ಅದರಡಿ ನೀಲಿ ಬೆಳಕನ್ನು ಹಿಂದಕ್ಕೆ ಎಸೆಯುವ ಕೋಶಗಳು, ಅದಕ್ಕೂ ಕೆಳಗೆ ಕಪ್ಪು ಕಣಗಳಿರುವ ಕೋಶಗಳು. ಈ ಜಾತಿಯ ಮೊದಲ ವಿವರಣೆ 1790ರಲ್ಲಿ, ನ್ಯೂ ಸೌತ್ ವೇಲ್ಸ್‌ಗೆ ಬಂದ ಮೊದಲ ಹಡಗುಪಡೆಯ ವೈದ್ಯ ಜಾನ್ ವೈಟ್ ಅವರ ಪ್ರವಾಸ ಕಥನದಲ್ಲಿ ಪ್ರಕಟವಾಯಿತು. ಮದ್ಯಸಾರದಲ್ಲಿಟ್ಟ ಮಾದರಿಯಲ್ಲಿ ಹಳದಿ ಅಳಿದು ನೀಲಿ ಮಾತ್ರ ಉಳಿದಿತ್ತು. ಹಾಗಾಗಿ ಹಸಿರು ಕಪ್ಪೆಗೆ ಲ್ಯಾಟಿನ್ನಿನಲ್ಲಿ ‘ನೀಲಿ’ ಎಂಬರ್ಥದ ‘ಸೆರೂಲಿಯ’ ಎಂಬ ಹೆಸರು ಬಂದು ಇವತ್ತಿಗೂ ಉಳಿದಿದೆ. ಕಪ್ಪು ಕಣಗಳು ಹರಡಿದರೆ ಮೈ ಕಂದಾಗುತ್ತದೆ, ಒಟ್ಟುಗೂಡಿದರೆ ಎಲೆಹಸಿರು. ಚಳಿ, ಕತ್ತಲು, ಹಿನ್ನೆಲೆಯ ಬಣ್ಣ, ಗಾಬರಿ ಎಲ್ಲವೂ ಇದನ್ನು ಬದಲಿಸುತ್ತವೆ. ಬೆಳಿಗ್ಗೆ ಕಂದಾಗಿದ್ದು ಮಧ್ಯಾಹ್ನ ಹಸಿರಾದರೆ ಅದು ಆರೋಗ್ಯವೇ. ದಿನಗಟ್ಟಲೆ ಕಂದಾಗಿಯೇ ಉಳಿದು, ಮೈಯ ಮೇಣದಂಥ ಹೊಳಪೂ ಹೋಗಿ, ಒಣಗಿದ ತೊಗಲಿನಂತೆ ಕಂಡರೆ ಆಗ ಯೋಚಿಸಬೇಕು.

ಊಟದ ಮಾತೂ ಹೀಗೆಯೇ. ಬೆಳೆದ ಹಸಿರು ಮರಗಪ್ಪೆಗೆ ವಾರಕ್ಕೆ ಎರಡು ಮೂರು ಸಲ ಆಹಾರ ಸಾಕು, ಮೈಯಲ್ಲಿ ಕೊಬ್ಬೂ ಇರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಸಿಡ್ನಿಯ ಮನೆಗಳೊಳಗೆ ರಾತ್ರಿ ಎಷ್ಟು ತಣ್ಣಗಾಗುತ್ತದೆ ಎಂದು ನಿಮಗೇ ಗೊತ್ತು. ಕಪ್ಪೆಗೆ ಸ್ವಂತ ಬಿಸಿ ಇಲ್ಲ. ಪೆಟ್ಟಿಗೆ ತಣ್ಣಗಾದರೆ ಜೀರ್ಣವೂ ನಿಲ್ಲುತ್ತದೆ, ಹಸಿವೂ ನಿಲ್ಲುತ್ತದೆ. ಹೀಟರ್ ಕೆಟ್ಟಿರುವುದು ಎಷ್ಟೋ ಮನೆಗಳಲ್ಲಿ ಯಾರ ಗಮನಕ್ಕೂ ಬಂದಿರುವುದಿಲ್ಲ. ಥರ್ಮಾಮೀಟರನ್ನು ಕಪ್ಪೆ ಕೂರುವ ಜಾಗದಲ್ಲೇ ಇಟ್ಟು ನೋಡಿ, ಹಗಲಲ್ಲಿ 24ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ಪ್ಲಾಸ್ಟಿಕ್ ಡಬ್ಬಿಯಿಟ್ಟು ಸೊನ್ನೆ ಮಾಡಿ, ಕಪ್ಪೆಯನ್ನು ಅದರೊಳಗೆ ಬಿಟ್ಟು ತೂಕ ಬರೆದಿಡಿ. ತಿನ್ನದಿದ್ದರೂ ತೂಕ ನಿಂತಲ್ಲೇ ನಿಂತಿದ್ದರೆ ಗಾಬರಿ ಬೇಡ. ಸೊಂಟದ ಮೂಳೆ ಎದ್ದು ಕಾಣುತ್ತಿದ್ದರೆ ಅದು ಬೇರೆಯೇ ವಿಷಯ.

ಈಗ ಕೂತ ಜಾಗಕ್ಕೆ ಬರುತ್ತೇನೆ. ಕಾಯಿಲೆ ಗುರುತಿಸಲು ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಇದನ್ನೇ: ಕಪ್ಪೆ ಯಾವ ಹೊತ್ತಿನಲ್ಲಿ, ಎಲ್ಲಿ, ಹೇಗೆ ಕೂತಿದೆ ಎಂಬುದನ್ನು. ಆರೋಗ್ಯವಾಗಿರುವ ಮರಗಪ್ಪೆ ಹಗಲಲ್ಲಿ ಎತ್ತರದಲ್ಲಿ ಗಾಜಿಗೋ ಕೊಂಬೆಗೋ ಅಂಟಿ, ಕೈಕಾಲು ಮಡಚಿ ಮೈಯಡಿ ಸೇರಿಸಿ, ಹೊಟ್ಟೆ ಒತ್ತಿ, ಕಣ್ಣು ಮುಚ್ಚಿ ನಿದ್ದೆ ಮಾಡುತ್ತದೆ. ಹೀಗೆ ಮುದುರಿಕೊಳ್ಳುವುದು ಮೈಯ ತೇವ ಕಾಪಾಡಿಕೊಳ್ಳುವ ಉಪಾಯ. ಹಗಲಲ್ಲಿ ಬಯಲಿಗೆ ಬಂದು, ಕಾಲು ಚಾಚಿದಲ್ಲೇ ಬಿಟ್ಟು, ಕಣ್ಣು ಅರೆತೆರೆದು, ಮುಟ್ಟಿದರೂ ಸರಿಯದೆ ಕೂತಿದ್ದರೆ ಮೈ ಮುದುರುವ ಶಕ್ತಿಯೂ ಅದಕ್ಕೆ ಉಳಿದಿಲ್ಲ ಎಂದರ್ಥ. ನನ್ನ ಮೊದಲ ಕಪ್ಪೆ ಹೀಗೆ ಕೂತಾಗ ನೀರಿಗಾಗಿ ಇಳಿದಿದೆ ಅಂದುಕೊಂಡು ನಾಲ್ಕು ದಿನ ಸುಮ್ಮನಿದ್ದೆ. ಐದನೆಯ ದಿನ ಅದು ಉಳಿಯಲಿಲ್ಲ. ಆ ನಾಲ್ಕು ದಿನ ನಿಮ್ಮ ಮಗಳ ಕಪ್ಪೆಗೆ ಬರಬಾರದು ಎಂದೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

2021ರ ಚಳಿಗಾಲದಲ್ಲಿ ಪೂರ್ವ ಆಸ್ಟ್ರೇಲಿಯದ ಜನ ತಮ್ಮ ಅಂಗಳದಲ್ಲಿ ಕಂಡದ್ದೂ ಇದನ್ನೇ. ಕಂದಾಗಿ ಬತ್ತಿದ ಕಪ್ಪೆಗಳು ಹಟ್ಟಹಗಲಲ್ಲಿ ಮೆಟ್ಟಿಲ ಮೇಲೆ, ಹುಲ್ಲಿನ ಮೇಲೆ ಅಲ್ಲಾಡದೆ ಕೂತು ಸಾಯುತ್ತಿದ್ದವು. ಅವುಗಳಲ್ಲಿ ಹಸಿರು ಮರಗಪ್ಪೆಗಳೇ ಹೆಚ್ಚು. ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಂನ ಕಪ್ಪೆತಜ್ಞೆ ಜೋಡಿ ರೌಲಿ ಕೇಳಿಕೊಂಡಾಗ ನೂರಾರು ಜನ ವರದಿ ಕಳಿಸಿದರು. ಪರೀಕ್ಷಿಸಿದ ಹಲವು ಕಪ್ಪೆಗಳಲ್ಲಿ ಕಿಟ್ರಿಡ್ ಶಿಲೀಂಧ್ರ ಸಿಕ್ಕಿತು.

ಈ ಕಿಟ್ರಿಡ್ ನಮ್ಮ ಕಾಲದಲ್ಲಿ ಕಪ್ಪೆಗಳಿಗೆ ಬಂದ ಅತಿ ದೊಡ್ಡ ಪಿಡುಗು. 1998ರಲ್ಲಿ ಅದರ ಸುಳಿವು ಸಿಕ್ಕಿತು, ಮರುವರ್ಷ ಹೆಸರು ಬಂತು. ಜಗತ್ತಿನ ಕನಿಷ್ಠ 501 ಜಾತಿಗಳ ಇಳಿಕೆಯಲ್ಲಿ ಅದರ ಪಾತ್ರವಿದೆ, ಅವುಗಳಲ್ಲಿ 90 ಪೂರ್ತಿ ಅಳಿದಿರಬಹುದು ಎಂದು 2019ರ ಅಧ್ಯಯನವೊಂದು ಲೆಕ್ಕ ಹಾಕಿತು. ಚರ್ಮದ ಮೇಲಿನ ಬೂಸ್ಟು ಇಡೀ ಪ್ರಾಣಿಯನ್ನು ಹೇಗೆ ಕೊಲ್ಲುತ್ತದೆ ಎಂಬುದು ಬಹುಕಾಲ ಒಗಟಾಗಿತ್ತು. 2009ರಲ್ಲಿ ಅದನ್ನು ಬಿಡಿಸಿದ ಪ್ರಯೋಗ ನಡೆದದ್ದು ನಿಮ್ಮ ಮನೆಯಲ್ಲಿರುವ ಜಾತಿಯ ಮೇಲೆಯೇ. ಸೋಂಕು ತಗುಲಿದ ಚರ್ಮ ಲವಣಗಳನ್ನು ಒಳಗೆ ಎಳೆದುಕೊಳ್ಳಲಾರದೆ ಹೋಗುತ್ತದೆ. ರಕ್ತದಲ್ಲಿ ಸೋಡಿಯಂ ಸುಮಾರು ಶೇ. 20ರಷ್ಟು, ಪೊಟ್ಯಾಸಿಯಂ ಸುಮಾರು ಶೇ. 50ರಷ್ಟು ಇಳಿಯುತ್ತದೆ. ಕೊನೆಗೆ ಹೃದಯ ನಿಲ್ಲುತ್ತದೆ. ಮಂಕು ಕವಿಯುವುದು, ಕಾಲು ಎಳೆಯಲಾರದೆ ಹೋಗುವುದು, ತೇಪೆ ತೇಪೆಯಾಗಿ ಮತ್ತೆ ಮತ್ತೆ ಪೊರೆ ಬಿಡುವುದು ಎಲ್ಲ ಈ ಹಾದಿಯ ಗುರುತುಗಳು. ಅಂಗಾತ ಮಲಗಿಸಿದರೆ ಗಟ್ಟಿಯಾದ ಕಪ್ಪೆ ತಕ್ಷಣ ಮಗುಚಿಕೊಳ್ಳುತ್ತದೆ, ಹಾಗೆ ತಿರುಗಲಾಗದಿದ್ದರೆ ಗಂಟೆಗಳ ಲೆಕ್ಕ. ಈ ಪರೀಕ್ಷೆಯನ್ನು ವೈದ್ಯರಿಗೆ ಬಿಡಿ, ನಿತ್ರಾಣವಾದ ಜೀವವನ್ನು ಮನೆಯಲ್ಲಿ ಪದೇ ಪದೇ ಹೊರಳಿಸಬಾರದು.

ಕಿಟ್ರಿಡ್ಡೇ ಎಂದು ನಾನು ಇಲ್ಲಿ ಕೂತು ಹೇಳುತ್ತಿಲ್ಲ. ಹೊಟ್ಟೆಯಡಿ ಮತ್ತು ತೊಡೆಯ ಒಳಬದಿ ಕೆಂಪಾಗಿದೆಯೇ ನೋಡಿ. ಹಾಗಿದ್ದರೆ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿರಬಹುದು. ಸಾಕುವವರು ಇದನ್ನು ‘ಕೆಂಪುಕಾಲು’ ಅನ್ನುತ್ತಾರೆ, ಅದು ಒಂದು ದಿನವೂ ಕಾಯುವಂಥದ್ದಲ್ಲ. ದವಡೆ ಮೆತ್ತಗಾಗಿ, ಬೆರಳು ನಡುಗಿ, ಹುಳಕ್ಕೆ ಹಾರಿದಾಗ ಗುರಿ ತಪ್ಪುತ್ತಿದ್ದರೆ ಕ್ಯಾಲ್ಸಿಯಂ ಕೊರತೆ. ಕ್ರಿಕೆಟ್ ಹುಳಗಳಿಗೆ ಕ್ಯಾಲ್ಸಿಯಂ ಪುಡಿ ಸವರದೆ ಹಾಗೇ ಹಾಕುವ ಮನೆಗಳಲ್ಲಿ ಇದು ಮಾಮೂಲು. ತಳಕ್ಕೆ ಸಣ್ಣ ಜಲ್ಲಿಕಲ್ಲು ಹಾಸಿದ್ದರೆ ಹುಳದ ಜೊತೆ ಕಲ್ಲನ್ನೂ ನುಂಗಿ ಹೊಟ್ಟೆ ಕಟ್ಟಿಕೊಂಡಿರಬಹುದು. ಕೊನೆಯ ಸಲ ಹಿಕ್ಕೆ ಹಾಕಿದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಿ. ಮೈ ನೀರುಗುಳ್ಳೆಯಂತೆ ಉಬ್ಬಿದ್ದರೆ, ಹಿಂಬದಿಯಿಂದ ಕೆಂಪಾದ ಮಾಂಸ ಹೊರಬಂದಿದ್ದರೆ ಅದೂ ಅವತ್ತೇ ಓಡಬೇಕಾದ ಸಂಗತಿ. ದಪ್ಪ ಆಗುವುದು ನಿಧಾನದ ಕಾಯಿಲೆ: ಕಣ್ಣಿನ ಮೇಲಿನ ಮಡಿಕೆ ಬೆಳೆದು ಕಣ್ಣಿಗೇ ಜೋತುಬೀಳುತ್ತದೆ. ಮುದ್ದಿಗೆ ದಿನಾ ತಿನ್ನಿಸುವ ಮನೆಗಳ ಕಪ್ಪೆಗಳಿಗೆ ಹೀಗಾಗುತ್ತದೆ.

ಒಂದನ್ನು ಮಾತ್ರ ಕಾಯಿಲೆ ಎಂದು ತಿಳಿಯಬೇಡಿ. ಕಪ್ಪೆ ಬಾಯಿ ಆಕಳಿಸುತ್ತ, ಬೆನ್ನು ಬಾಗಿಸುತ್ತ, ಕೈಯಿಂದ ಮೈ ಸವರಿ ಏನನ್ನೋ ಬಾಯಿಗೆ ಎಳೆದುಕೊಳ್ಳುತ್ತಿದ್ದರೆ ಅದು ಪೊರೆ ಬಿಟ್ಟು, ಆ ಪೊರೆಯನ್ನೇ ನುಂಗುತ್ತಿದೆ. ಮೊದಲ ಸಲ ನೋಡಿದವರು ಉಸಿರು ಕಟ್ಟುತ್ತಿದೆ ಎಂದು ಹೌಹಾರುತ್ತಾರೆ.

ವೈದ್ಯರ ಸಮಯ ಸಿಗುವವರೆಗೆ ಹೀಗೆ ಮಾಡಿ. ಗಾಳಿಗೆ ತೂತುಗಳಿರುವ, ಸೋಪಿನ ವಾಸನೆ ಉಳಿಯದಂತೆ ತೊಳೆದ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ತಳಕ್ಕೆ ಬಣ್ಣ ಸುವಾಸನೆ ಇಲ್ಲದ ಬಿಳಿ ಪೇಪರ್ ಟವೆಲನ್ನು ಒದ್ದೆ ಮಾಡಿ ಹಾಸಿ. ಅದರ ಮೇಲೆ ರಕ್ತ, ಹಿಕ್ಕೆ, ಪೊರೆ ಏನು ಬಿದ್ದರೂ ಕಾಣುತ್ತದೆ. ಅಡಗಲು ಒಂದು ಮೂಲೆ, ಗದ್ದ ಮುಳುಗದಷ್ಟು ನೀರಿನ ಬಟ್ಟಲು. ಟವೆಲನ್ನು ದಿನಾ ಬದಲಿಸಿ. ನೀರಿನ ವಿಷಯದಲ್ಲಿ ಊರಿನ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ನಲ್ಲಿನೀರನ್ನು ಒಂದು ರಾತ್ರಿ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ ನಿಜ. ಆದರೆ ಸಿಡ್ನಿಯ ಬಹುಭಾಗಕ್ಕೆ ಬರುವ ನೀರಿನಲ್ಲಿರುವುದು ಕ್ಲೋರಮೈನ್, ಅದು ಹಾಗೆ ಆರಿಹೋಗುವುದಿಲ್ಲ. ಮೀನಿನ ಅಂಗಡಿಯಲ್ಲಿ ಸಿಗುವ, ಕ್ಲೋರಮೈನ್ ತೆಗೆಯುತ್ತದೆ ಎಂದು ಬರೆದಿರುವ ದ್ರವವನ್ನೇ ಹಾಕಬೇಕು. ಡಬ್ಬಿಯನ್ನು ಟಿವಿ, ಊದಿನಕಡ್ಡಿ, ಸೊಳ್ಳೆ ಸ್ಪ್ರೇ, ಫಿನಾಯಿಲ್ ಹಾಕಿ ಒರೆಸಿದ ನೆಲ ಎಲ್ಲದರಿಂದ ದೂರ ಇಡಿ. ಮುಟ್ಟಬೇಕಾದಾಗ ಪುಡಿಯಿಲ್ಲದ ಕೈಗವಸನ್ನು ಒದ್ದೆ ಮಾಡಿ ಹಾಕಿಕೊಳ್ಳಿ. ಬಾಯಿ ಬಿಡಿಸಿ ಹುಳ ತುರುಕುವ ಯೋಚನೆ ಬೇಡ, ದವಡೆ ಸುಲಭವಾಗಿ ಮುರಿಯುತ್ತದೆ.

ಬಿಸಿ ಹೆಚ್ಚು ಕೊಟ್ಟರೆ ಶಿಲೀಂಧ್ರ ಸಾಯುತ್ತದೆ ಎಂದು ನೀವು ಎಲ್ಲೋ ಓದಿರಬಹುದು. ಮಾತಿನಲ್ಲಿ ಹುರುಳಿದೆ. ಕಿಟ್ರಿಡ್‌ಗೆ 17ರಿಂದ 25 ಡಿಗ್ರಿ ಹಿತ, ಅದಕ್ಕಿಂತ ಬಿಸಿಯಾದರೆ ಅದು ಸೊರಗುತ್ತದೆ. ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಆಂಟನಿ ವ್ಯಾಡಲ್ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದ ಕೆಲಸ ನನಗೆ ತುಂಬ ಇಷ್ಟ: ತೂತಿರುವ ಇಟ್ಟಿಗೆಗಳನ್ನು ಪುಟ್ಟ ಹಸಿರುಮನೆಯೊಳಗೆ ಜೋಡಿಸಿ ಬಿಸಿಲಿಗಿಟ್ಟರು, ಇನ್ನೊಂದು ಜಾತಿಯ ಕಪ್ಪೆಗಳು ತಾವಾಗಿಯೇ ಆ ಬೆಚ್ಚನೆಯ ತೂತುಗಳಿಗೆ ಸೇರಿಕೊಂಡು ಸೋಂಕಿನಿಂದ ಚೇತರಿಸಿಕೊಂಡವು. ಅಲ್ಲಿ ಎಷ್ಟು ಹೊತ್ತು ಕೂರಬೇಕೆಂದು ಆರಿಸಿಕೊಂಡದ್ದು ಕಪ್ಪೆ. ನಿಮ್ಮ ಡಬ್ಬಿಯಲ್ಲಿ ಅದಕ್ಕೆ ಆ ಆಯ್ಕೆ ಇಲ್ಲ. ಏನಾಗಿದೆ ಎಂದೇ ತಿಳಿಯದ ಕಪ್ಪೆಯನ್ನು ಬಿಸಿಗೆ ಒಡ್ಡಬೇಡಿ, ಎಂದಿನ ಬೆಚ್ಚಗೆ ಸಾಕು.

ವೈದ್ಯರ ಬಳಿ ಹೋಗುವಾಗ ತೂಕದ ಚೀಟಿ, ಪೆಟ್ಟಿಗೆಯ ಫೋಟೋ, ಬಳಸುವ ನೀರು ಮತ್ತು ಪುಡಿಗಳ ಹೆಸರು, ಸಿಕ್ಕರೆ ಹೊಸ ಹಿಕ್ಕೆ ಜೊತೆಗಿರಲಿ. ಹೊಸ ಕಪ್ಪೆಯನ್ನೋ ಹೊರಗಿನ ಎಲೆ ಕೊಂಬೆಗಳನ್ನೋ ಇತ್ತೀಚೆಗೆ ತಂದಿದ್ದರೆ ಮುಚ್ಚಿಡದೆ ಹೇಳಿ. ಅವರು ಹತ್ತಿಕಡ್ಡಿಯಿಂದ ಹೊಟ್ಟೆ ಮತ್ತು ಪಾದ ಸವರಿ ಪರೀಕ್ಷೆಗೆ ಕಳಿಸುತ್ತಾರೆ. ಕಿಟ್ರಿಡ್ ಇದ್ದರೆ ಶಿಲೀಂಧ್ರ ಕೊಲ್ಲುವ ಮದ್ದು ಬೆರೆಸಿದ ತೆಳು ನೀರಿನಲ್ಲಿ ದಿನಕ್ಕೆ ಕೆಲವೇ ನಿಮಿಷದಂತೆ ಹಲವು ದಿನ ಸ್ನಾನ, ಜೊತೆಗೆ ಲವಣದ ಆರೈಕೆ. ಬೇಗ ಹೋದ ಕಪ್ಪೆಗಳು ಗುಣವಾಗುತ್ತವೆ, ಇದನ್ನು ಮಗಳಿಗೆ ಧೈರ್ಯವಾಗಿ ಹೇಳಿ.

ಪರೀಕ್ಷೆಯ ಫಲಿತಾಂಶ ಬರುವವರೆಗೆ ಪೆಟ್ಟಿಗೆಯ ನೀರನ್ನು ತೋಟಕ್ಕಾಗಲಿ ಚರಂಡಿಗಾಗಲಿ ಚೆಲ್ಲಬೇಡಿ, ಬ್ಲೀಚ್ ಬೆರೆಸಿ ಬಿಟ್ಟು ಆಮೇಲೆ ಶೌಚಕ್ಕೆ ಸುರಿಯಿರಿ. ಕಾಡಿನಲ್ಲಿ ಬಿಟ್ಟರೆ ತಾನೇ ಹುಷಾರಾಗಬಹುದು ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದು ಕಾನೂನಿಗೂ ವಿರುದ್ಧ, ಆ ತೊರೆಯ ಕಪ್ಪೆಗಳಿಗೂ ಕೇಡು. ಮುಟ್ಟಿದ ಮೇಲೆ ಮಗಳು ಸೋಪು ಹಾಕಿ ಕೈ ತೊಳೆಯಲೇಬೇಕು. ಕಿಟ್ರಿಡ್ ನಮಗೆ ಅಂಟುವುದಿಲ್ಲ, ಆದರೆ ಕಪ್ಪೆಗಳಲ್ಲಿ ನಮ್ಮ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲ ಬ್ಯಾಕ್ಟೀರಿಯಾ ಇರಬಹುದು.

ಇದನ್ನು ಆಗುಂಬೆಯಲ್ಲೋ ಕೊಡಗಿನಲ್ಲೋ ಕೂತು ಓದುತ್ತಿರುವವರಿಗೂ ಒಂದು ಮಾತು. ನಿಮ್ಮಲ್ಲಿ ಮಳೆಗಾಲದಲ್ಲಿ ನೀರಿನ ಮೇಲೆ ಬಾಗಿದ ಎಲೆಗಳಿಗೆ ನೊರೆಗೂಡು ಕಟ್ಟುವ ಮಲಬಾರ್ ಹಾರುಗಪ್ಪೆಯೂ ಹಸಿರೇ, ಬೆರಳ ತುದಿಯಲ್ಲಿ ಅಂಟುಗುಂಡಿ ಅದಕ್ಕೂ ಇದೆ. ಆದರೆ ಅದು ಬೇರೆಯೇ ಕುಟುಂಬದ್ದು, ಸಾಕಲು ತರುವ ಪ್ರಾಣಿ ಅಲ್ಲ. ಪಶ್ಚಿಮ ಘಟ್ಟದ ಕಪ್ಪೆಗಳಲ್ಲೂ ಕಿಟ್ರಿಡ್ ಪತ್ತೆಯಾಗಿದೆ. ಮಂಕಾಗಿ ಕೂತ ಕಪ್ಪೆ ಕಂಡರೆ ಫೋಟೋ ತೆಗೆದು ಅರಣ್ಯ ಇಲಾಖೆಯವರಿಗೆ ತಿಳಿಸಿ, ಎತ್ತಿಕೊಂಡು ಇನ್ನೊಂದು ಹಳ್ಳಕ್ಕೆ ಬಿಡಬೇಡಿ.

ಸಿಡ್ನಿಯ ತಾಯಿಗೆ ಇನ್ನೊಂದನ್ನು ಬರೆಯಬೇಕು, ಬರೆಯಲು ಮನಸ್ಸಿಲ್ಲದಿದ್ದರೂ. ವೈದ್ಯರಲ್ಲಿಗೆ ತಲುಪುವ ಮೊದಲೇ ಅದು ತೀರಿಕೊಂಡರೆ ತಕ್ಷಣ ಹೂಳಬೇಡಿ. ಒದ್ದೆ ಟವೆಲಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿ, ಇನ್ನೊಂದು ಡಬ್ಬಿಯಲ್ಲಿ ಮುಚ್ಚಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ. ಫ್ರೀಜರ್‌ನಲ್ಲಿ ಬೇಡ, ಹೆಪ್ಪುಗಟ್ಟಿದರೆ ಅಂಗಾಂಶ ಒಡೆದು ಕಾರಣ ಹುಡುಕುವುದು ಕಷ್ಟವಾಗುತ್ತದೆ. ಒಂದು ದಿನದೊಳಗೆ ಕ್ಲಿನಿಕ್ಕಿಗೆ ಕೊಟ್ಟರೆ ಏನಾಗಿತ್ತೆಂದು ತಿಳಿಯುವ ಸಾಧ್ಯತೆ ಇದೆ. ಆದರೆ ಅದು ಇನ್ನೂ ಉಸಿರಾಡುತ್ತಿದೆ. ಮೊದಲು ಡಬ್ಬಿ ಸಿದ್ಧಮಾಡಿ, ಡಬ್ಬಿಗೆ ಟವೆಲ್ ಹಾಸುತ್ತಲೇ ಫೋನ್ ಮಾಡಿ.