ಹೊರಗೆ ಕಾಲಿಡದ ಮೊಲಕ್ಕೂ ಲಸಿಕೆ ಬೇಕು

"ನಮ್ಮ ಮೊಲ ಮನೆ ಬಿಟ್ಟು ಹೊರಗೇ ಹೋಗಲ್ಲ ಡಾಕ್ಟ್ರೇ, ಅದಕ್ಯಾಕೆ ಇಂಜೆಕ್ಷನ್?" ಇಂಗ್ಲೆಂಡಿನಲ್ಲಿ ಪಶುವೈದ್ಯ ವೃತ್ತಿಯಲ್ಲಿರುವ ನನಗೆ ಇಲ್ಲಿನ ಕನ್ನಡದ ಮನೆಗಳಿಂದ ಜಾಸ್ತಿ ಬರುವ ಪ್ರಶ್ನೆ ಇದು. ಊರಲ್ಲಿ ನಾಯಿಗೆ ರೇಬೀಸ್ ಲಸಿಕೆ ಹಾಕಿಸಿ ಗೊತ್ತು, ಮೊಲಕ್ಕೆ ಹಾಕಿಸಿದ್ದನ್ನು ನೋಡಿದವರು ಕಡಿಮೆ. ಆದರೆ ಮೊಲ ಹೊರಗೆ ಹೋಗದಿದ್ದರೂ ಇಲ್ಲಿ ರೋಗ ಒಳಗೆ ಬರುತ್ತದೆ.

ಮೊದಲನೆಯದು ಮಿಕ್ಸೊಮಾಟೋಸಿಸ್. 1953ರಲ್ಲಿ ಬ್ರಿಟನ್ನಿಗೆ ಬಂದದ್ದು, ಕಾಡುಮೊಲಗಳಲ್ಲಿ ಇವತ್ತಿಗೂ ಇದೆ. ಚಿಗಟ, ಸೊಳ್ಳೆ ಕಚ್ಚಿ ಹರಡುತ್ತದೆ. ಕಿಟಕಿ ತೆರೆದಿದ್ದರೆ ಸೊಳ್ಳೆ ಬರಲ್ವಾ? ರೆಪ್ಪೆ ಊದಿ ಕಣ್ಣಲ್ಲಿ ಕೀವು ಕಟ್ಟುತ್ತದೆ. ಆಮೇಲೆ ಮುಖ, ಕಿವಿಯ ಬುಡ, ಜನನಾಂಗ ಬಾತುಕೊಳ್ಳುತ್ತವೆ. ಕಣ್ಣು ಕಾಣದೆ, ತಟ್ಟೆ ಎಲ್ಲಿದೆ ಅಂತಲೂ ತಿಳಿಯದೆ ದಿನಗಟ್ಟಲೆ ನರಳುವ ಮೊಲವನ್ನು ನೋಡುವುದು ತುಂಬಾ ಕಷ್ಟ.

ಎರಡನೆಯದು ಆರ್‌ಎಚ್‌ಡಿ. ಅಂದರೆ ರ‍್ಯಾಬಿಟ್ ಹೆಮರಾಜಿಕ್ ಡಿಸೀಸ್, ಮೊಲಕ್ಕೆ ಒಳಗೇ ರಕ್ತಸ್ರಾವವಾಗುವ ರೋಗ. 1984ರಲ್ಲಿ ಚೀನಾದಲ್ಲಿ ಮೊದಲು ಕಂಡಿತು. 2010ರಲ್ಲಿ ಫ್ರಾನ್ಸಿನಲ್ಲಿ ಇದರ ಹೊಸ ರೂಪ, ಆರ್‌ಎಚ್‌ಡಿವಿ-2, ಕಾಣಿಸಿಕೊಂಡಿತು. ಇದು ಎಳೆ ಮರಿಗಳನ್ನೂ ಬಿಡುವುದಿಲ್ಲ. ವೈರಸ್ ಯಕೃತ್ತನ್ನೇ ಹಾಳುಮಾಡುತ್ತದೆ. ರಾತ್ರಿ ಚೆನ್ನಾಗಿ ಮೇವು ತಿಂದು ಓಡಾಡಿಕೊಂಡಿದ್ದ ಮೊಲ ಬೆಳಿಗ್ಗೆ ಸತ್ತು ಬಿದ್ದಿರುತ್ತದೆ, ಕೆಲವೊಮ್ಮೆ ಮೂಗಿನ ಬಳಿ ಒಂದಿಷ್ಟು ರಕ್ತ ಬಿಟ್ಟರೆ ಬೇರೆ ಗುರುತೇ ಇರುವುದಿಲ್ಲ. ಇದಕ್ಕೆ ಔಷಧಿ ಇಲ್ಲ.

ಆರ್‌ಎಚ್‌ಡಿ ವೈರಸ್ ಬಹಳ ಗಟ್ಟಿ. ಮೊಲದ ದೇಹದ ಹೊರಗೂ ತಿಂಗಳುಗಟ್ಟಲೆ ಬದುಕುತ್ತದೆ. ಪಾರ್ಕಿನಲ್ಲಿ ನೀವು ತುಳಿದ ಹುಲ್ಲು, ಷೂ, ನಾಯಿಯ ಪಾದ, ನೊಣ, ತಂದು ಹಾಕುವ ಒಣಹುಲ್ಲು, ಯಾವುದರ ಜೊತೆ ಬೇಕಾದರೂ ಬರಬಹುದು. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡರೆ ಸಾಕು ಅಂದುಕೊಳ್ಳಬೇಡಿ, ಇಂಥ ವೈರಸ್ಸಿಗೆ ಅದು ಸರಿಯಾಗಿ ನಾಟುವುದಿಲ್ಲ. ಸೋಪು ಹಚ್ಚಿ ಕೈ ತೊಳೆಯಿರಿ, ಚಪ್ಪಲಿ ಷೂ ಬಾಗಿಲಲ್ಲೇ ಬಿಡಿ. ನಮ್ಮವರಿಗೆ ಇದು ಹೊಸದೇನಲ್ಲ!

ಲಸಿಕೆಯ ವಿಷಯ ಸರಳ. 2020ರಿಂದ ಇಲ್ಲಿ ಒಂದೇ ಇಂಜೆಕ್ಷನ್ನಿನಲ್ಲಿ ಮಿಕ್ಸೊಮಾಟೋಸಿಸ್, ಆರ್‌ಎಚ್‌ಡಿಯ ಎರಡೂ ರೂಪ, ಮೂರಕ್ಕೂ ರಕ್ಷಣೆ ಸಿಗುತ್ತಿದೆ. ಮರಿಗೆ 5 ವಾರವಾದ ಮೇಲೆ ಹಾಕಿಸಬಹುದು. ರಕ್ಷಣೆ ಬರಲು ಸುಮಾರು 3 ವಾರ ಬೇಕು, ಆಮೇಲೆ ವರ್ಷಕ್ಕೊಮ್ಮೆ. ಬೇರೆಯವರಿಂದ ದೊಡ್ಡ ಮೊಲ ತಂದುಕೊಂಡರೆ ಕಾರ್ಡಿನಲ್ಲಿ ಆರ್‌ಎಚ್‌ಡಿವಿ-2 ಇದೆಯೇ ನೋಡಿ, ಬರೀ "ಲಸಿಕೆ ಆಗಿದೆ" ಅನ್ನೋ ಮಾತು ನಂಬಬೇಡಿ. ಲಸಿಕೆ ಹಾಕಿಸಿದರೂ ಅಪರೂಪಕ್ಕೆ ಮಿಕ್ಸೊಮಾಟೋಸಿಸ್ ಬರಬಹುದು, ಆದರೆ ಸಾಮಾನ್ಯವಾಗಿ ಸೌಮ್ಯವಾಗಿ ಬರುತ್ತದೆ, ಆರೈಕೆ ಮಾಡಿದರೆ ಉಳಿಯುವ ಸಾಧ್ಯತೆ ಜಾಸ್ತಿ.

ಜೋಡಿ ಮೊಲಗಳಿದ್ದರೆ ಎರಡನ್ನೂ ಒಟ್ಟಿಗೇ ಕರೆತನ್ನಿ. ಒಂದನ್ನೇ ತಂದರೆ ಅದು ಹೆದರುತ್ತದೆ, ವಾಪಸ್ ಹೋದಾಗ ಬೇರೆ ವಾಸನೆ ಬಂತೆಂದು ಇನ್ನೊಂದು ಜಗಳಕ್ಕೂ ನಿಲ್ಲಬಹುದು. ಒಂದು ಹಿಡಿ ಕೊತ್ತಂಬರಿ ಸೊಪ್ಪೂ ಇರಲಿ. ಇಂಜೆಕ್ಷನ್ ಆದ ಮೇಲೆ ಒಂದು ಕಡ್ಡಿ ಮೂಗಿನ ಹತ್ತಿರ ಹಿಡಿಯುತ್ತೇನೆ. ಮೂಗು ಅಲುಗಾಡಿಸಿ ಕಚಕಚ ಅಗಿದರೆ ನನಗೂ ಸಮಾಧಾನ. ಚುಚ್ಚಿದ ಜಾಗದಲ್ಲಿ ಸಣ್ಣ ಗಂಟಾಗಬಹುದು, ಒಂದೆರಡು ದಿನ ಮಂಕಾಗಿರಬಹುದು. ಆದರೆ ಮೊಲ ಮೇವು ಬಿಟ್ಟು, ಹಿಕ್ಕೆಯನ್ನೂ ಹಾಕದೆ ಸುಮ್ನೆ ಮೂಲೆ ಹಿಡಿದು ಕೂತರೆ ನಾಳೆ ನೋಡೋಣ ಅನ್ನಬೇಡಿ, ಆಗಲೇ ಫೋನ್ ಮಾಡಿ.

ಚಿಗಟಕ್ಕೆ ನಾಯಿಯ ಔಷಧಿಯನ್ನೇ ಹಚ್ಚುವವರಿದ್ದಾರೆ. ಫಿಪ್ರೊನಿಲ್ ಅನ್ನುವ ಕೀಟನಾಶಕ ಇರುವುದನ್ನು ಮೊಲಕ್ಕೆ ಮುಟ್ಟಿಸಲೇಬೇಡಿ, ಪ್ರಾಣಕ್ಕೇ ಅಪಾಯ.

ಮೊಲ ಇದ್ದಕ್ಕಿದ್ದಂತೆ ಸತ್ತರೆ ಹಿತ್ತಲಲ್ಲಿ ಹೂಳುವ ಮುಂಚೆ ವೈದ್ಯರಿಗೆ ತಿಳಿಸಿ. ಕಾರಣ ಗೊತ್ತಾದರೆ ಜೊತೆಯ ಮೊಲವನ್ನಾದರೂ ಉಳಿಸಿಕೊಳ್ಳಲು ದಾರಿ ಇರುತ್ತದೆ. ಸತ್ತ ಮೊಲದ ಹಾಸಿಗೆ, ಮರದ ಗೂಡು ಹೊಸ ಮರಿಗೆ ಬೇಡ. ಹೊಸ ಮರಿ ತರಲು ಅವಸರವೂ ಬೇಡ, ತರುವಾಗ ಲಸಿಕೆಯಾಗಿ 3 ವಾರ ಕಳೆದಿದೆಯೇ ಅಂತ ಕೇಳಿಯೇ ತನ್ನಿ.