ಕರೆತಂದ ಹುಡುಗನೇ ಆಡುವಂತಿಲ್ಲ ಅಂದರೆ ತಂಡದ ಗತಿ ಏನು?

ಪ್ರಶ್ನೆ: ಮಗ ಅಮೆರಿಕದಲ್ಲಿ ಓದುತ್ತಿದ್ದಾನೆ. ಅವನ ದೆಸೆಯಿಂದ ನನಗೂ ಅಲ್ಲಿನ ಕಾಲೇಜು ಬ್ಯಾಸ್ಕೆಟ್‌ಬಾಲ್ ಹುಚ್ಚು ಹತ್ತಿದೆ. ಒಂದು ವಿಷಯ ಅರ್ಥವಾಗುತ್ತಿಲ್ಲ. ದೊಡ್ಡ ಹೆಸರಿನ ಹುಡುಗನನ್ನು ಕಾಲೇಜು ಸೇರಿಸಿಕೊಳ್ಳುತ್ತದೆ, ಆಮೇಲೆ ಅವನಿಗೆ ಆಡಲು ಅರ್ಹತೆ ಇಲ್ಲ ಅಂತ ತೀರ್ಪು ಬರುತ್ತದೆ. ಇದರಿಂದ ತಂಡ ನಿಜಕ್ಕೂ ಎಷ್ಟು ಸೊರಗುತ್ತದೆ? ಒಬ್ಬ ಹೋದರೆ ಇನ್ನೊಬ್ಬ ಇರುವುದಿಲ್ಲವೇ?

ಉತ್ತರ: ಇನ್ನೊಬ್ಬ ಇದ್ದೇ ಇರುತ್ತಾನೆ. ಅವನನ್ನು ತಯಾರು ಮಾಡಲು ಕೋಚ್‌ಗೆ ಎಷ್ಟು ದಿನ ಸಿಕ್ಕಿತು ಅನ್ನೋದು ಮುಖ್ಯ. ಹೋದವನು ಎಷ್ಟು ದೊಡ್ಡ ಆಟಗಾರ ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ನನ್ನ ಕಣ್ಣು ಮಾತ್ರ ಕ್ಯಾಲೆಂಡರ್ ಮೇಲಿರುತ್ತದೆ. 'ಇವನು ಆಡುವಂತಿಲ್ಲ' ಅನ್ನೋ ಮಾತು ಯಾವ ತಿಂಗಳಲ್ಲಿ ಬಂತು? ತಂಡದ ಗತಿ ಬಹುಪಾಲು ಅದರ ಮೇಲೆ ನಿಂತಿದೆ. ಒಂದು ತಂಡದ ಕಥೆ ಹೇಳುತ್ತೇನೆ, ಸುಲಭವಾಗಿ ತಿಳಿಯುತ್ತದೆ.

2010ರ ಕೆಂಟಕಿ ವಿಶ್ವವಿದ್ಯಾಲಯ. ಕೋಚ್ ಜಾನ್ ಕ್ಯಾಲಿಪರಿ. ಆ ಜೂನ್‌ನ ಎನ್‌ಬಿಎ ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ಮೊದಲ ಸುತ್ತಿನಲ್ಲೇ ಕೆಂಟಕಿಯ 5 ಹುಡುಗರು ಆಯ್ಕೆಯಾಗಿ ಹೋಗಿಬಿಟ್ಟರು. ಒಂದೇ ಕಾಲೇಜಿನಿಂದ ಐವರು ಹಾಗೆ ಹೋಗಿದ್ದು ಅದೇ ಮೊದಲು. ಜಾನ್ ವಾಲ್, ಎರಿಕ್ ಬ್ಲೆಡ್ಸೋ ಇಬ್ಬರು ಗಾರ್ಡ್‌ಗಳು, ಅಂದರೆ ಹೊರಗಿನಿಂದ ಚೆಂಡು ನಡೆಸುವವರು. ಉಳಿದ ಮೂವರು, ಅಂದರೆ ಡಿಮಾರ್ಕಸ್ ಕಸಿನ್ಸ್, ಪ್ಯಾಟ್ರಿಕ್ ಪ್ಯಾಟರ್ಸನ್, ಡೇನಿಯಲ್ ಆರ್ಟನ್, ಬುಟ್ಟಿಯ ಕೆಳಗೆ ನಿಂತು ಗುದ್ದಾಡುವ ಆಳುಗಳು. ಗಾರ್ಡ್ ಜಾಗಕ್ಕೆ ಬ್ರಾಂಡನ್ ನೈಟ್ ಅನ್ನೋ ಹೊಸ ಹುಡುಗ ಸಿಕ್ಕ. ಒಳಗೆ ನಿಲ್ಲುವವರು ಯಾರು?

ಆ ಜಾಗಕ್ಕೆ ಅಂತಲೇ ಬಂದವನು ಟರ್ಕಿಯ ಎನೆಸ್ ಕಾಂಟರ್. 6 ಅಡಿ 11 ಇಂಚು ಎತ್ತರ. ಅದೇ ವರ್ಷದ ನೈಕಿ ಹೂಪ್ ಸಮಿಟ್ ಪಂದ್ಯದಲ್ಲಿ 34 ಪಾಯಿಂಟ್ ಹೊಡೆದು, 1998ರಲ್ಲಿ ಡರ್ಕ್ ನೊವಿಟ್ಸ್ಕಿ ಬರೆದಿದ್ದ 33ರ ದಾಖಲೆ ಮುರಿದಿದ್ದ. ಅವನು ಬಂದರೆ ಕಸಿನ್ಸ್ ಹೋದ ನೋವು ಮರೆತುಹೋಗುತ್ತದೆ ಅಂತ ಊರಿಗೆ ಊರೇ ಕಾಯುತ್ತಿತ್ತು.

ತೊಡಕು ಇದ್ದದ್ದು ಅವನ ಹಳೇ ಲೆಕ್ಕದಲ್ಲಿ. ಇಸ್ತಾಂಬುಲ್‌ನ ಫೆನರ್‌ಬಾಚೆ ಕ್ಲಬ್‌ನಲ್ಲಿ ಅವನು ಬೆಳೆದಿದ್ದ, ವೃತ್ತಿಪರರ ಜೊತೆ ಆಡಿದ್ದ. ಆಡಿದ್ದು ತಪ್ಪಲ್ಲ. ಆಗಿನ ನಿಯಮದ ಪ್ರಕಾರ ಊಟ, ವಸತಿ, ಓಡಾಟದಂಥ ಅಗತ್ಯ ಖರ್ಚಿಗೆ ಕ್ಲಬ್ಬಿನಿಂದ ದುಡ್ಡು ಪಡೆಯಬಹುದಿತ್ತು. ಅದಕ್ಕಿಂತ ಒಂದು ಕಾಸು ಹೆಚ್ಚಾದರೂ ಹವ್ಯಾಸಿ ಅನ್ನೋ ಪಟ್ಟ ಹೋಯಿತು. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಲೆಕ್ಕ ಹಾಕಿ, ಕಾಂಟರ್‌ಗೆ ಖರ್ಚು ಕಳೆದು 33,033 ಡಾಲರ್ ಜಾಸ್ತಿ ಸಂದಿದೆ ಅಂತ ಹೇಳಿತು. 2010ರ ನವೆಂಬರ್‌ನಲ್ಲಿ ಮೊದಲ ತೀರ್ಪು: ಎಂದಿಗೂ ಆಡುವಂತಿಲ್ಲ. ಕಾಲೇಜು ಮೇಲ್ಮನವಿ ಹಾಕಿತು. ಅಭಿಮಾನಿಗಳು 'ಎನೆಸ್‌ನನ್ನು ಬಿಡಿ' ಅಂತ ಟೀ ಶರ್ಟ್ ಹಾಕಿಕೊಂಡು ಓಡಾಡಿದರು. 2011ರ ಜನವರಿ 7ರಂದು ಆ ಬಾಗಿಲೂ ಮುಚ್ಚಿತು.

ಇಲ್ಲಿ ಒಂದು ಮಾತು. ನವೆಂಬರ್‌ನಲ್ಲಿ ಆಟಗಾರ ಕೈ ತಪ್ಪಿದರೆ ಅಂಗಡಿಗೆ ಹೋಗಿ ಇನ್ನೊಬ್ಬನನ್ನು ತರಲಾಗುವುದಿಲ್ಲ. ಒಳ್ಳೆಯ ಹೈಸ್ಕೂಲ್ ಹುಡುಗರೆಲ್ಲ ಬೇರೆ ಕಾಲೇಜುಗಳಿಗೆ ಸಹಿ ಹಾಕಿ ಆಗಿರುತ್ತದೆ. ಬೇರೆ ಕಾಲೇಜಿನಿಂದ ಕರೆತಂದರೂ ಆಗಿನ ನಿಯಮದಂತೆ ಅವನು ಒಂದು ವರ್ಷ ಸುಮ್ನೆ ಕೂರಬೇಕಿತ್ತು. ಸ್ಕಾಲರ್‌ಶಿಪ್ ಇದ್ದದ್ದು ಬರೀ 13. ಅದರಲ್ಲಿ ಒಂದು, ಆಡದ ಹುಡುಗನ ಹೆಸರಿನಲ್ಲಿ ಕೂತಿರುತ್ತದೆ. ಮದುವೆಗೆ ಹತ್ತು ದಿನ ಇರುವಾಗ ಅಡುಗೆಯವರು ಕೈ ಕೊಟ್ಟ ಹಾಗೆ. ಮನೆಯಲ್ಲಿ ಇರುವವರೇ ಒಲೆ ಹಚ್ಚಬೇಕು.

ಕೆಂಟಕಿಯಲ್ಲಿ ಒಲೆ ಹಚ್ಚಿದವನು ಜೋಶ್ ಹ್ಯಾರೆಲ್‌ಸನ್. ಕೊನೆಯ ವರ್ಷದ ವಿದ್ಯಾರ್ಥಿ. ಹಿಂದಿನ ವರ್ಷ ಅವನ ಸರಾಸರಿ ಪಂದ್ಯಕ್ಕೆ 2 ಪಾಯಿಂಟ್ ಕೂಡ ಇರಲಿಲ್ಲ. ಕಸಿನ್ಸ್ ಇರುವಾಗ ಇವನನ್ನು ಯಾರು ಕೇಳುತ್ತಾರೆ, ಅಲ್ವಾ? ಆ ಅಕ್ಟೋಬರ್‌ನಲ್ಲಿ ತಂಡದೊಳಗಿನ ಅಭ್ಯಾಸ ಪಂದ್ಯದಲ್ಲಿ ಅವನು 26 ರಿಬೌಂಡ್, ಅಂದರೆ ಬುಟ್ಟಿಗೆ ಬೀಳದೆ ಪುಟಿದ ಚೆಂಡು, ಹಿಡಿದ. ಕೋಚ್‌ನಿಂದ ಶಭಾಷ್ ಬರಲಿಲ್ಲ. ಹುಡುಗನಿಗೆ ಸಿಟ್ಟು ಬಂತು, ಟ್ವಿಟರ್‌ನಲ್ಲಿ ಗೊಣಗಿದ. ಕ್ಯಾಲಿಪರಿ ಅವನ ಟ್ವಿಟರ್ ಖಾತೆ ಮುಚ್ಚಿಸಿ, ದಿನಾ ಅಭ್ಯಾಸಕ್ಕೆ ಮುಂಚೆ ಬೇರೆ ಓಟ ಹಚ್ಚಿದರು. ಶಿಕ್ಷೆ ಅಂತ ಶುರುವಾದ ಓಟದಿಂದ ಹ್ಯಾರೆಲ್‌ಸನ್‌ಗೆ ದಮ್ಮು ಬಂತು. ಅದರ ಮೇಲೆ ಅಭ್ಯಾಸದಲ್ಲಿ ಎದುರಿಗೆ ನಿಲ್ಲುತ್ತಿದ್ದವನು ಯಾರು? ಪಂದ್ಯ ಆಡುವ ಹಾಗಿಲ್ಲದ, ಮೈಯಲ್ಲಿ ಕಸುವು ತುಂಬಿದ್ದ ಕಾಂಟರ್! ಅರ್ಹತೆ ಕಳೆದುಕೊಂಡ ಹುಡುಗ ತಂಡಕ್ಕೆ ಕೊಟ್ಟದ್ದು ಏನೂ ಇಲ್ಲ ಅನ್ನುವವರು ಇದನ್ನು ಮರೆಯುತ್ತಾರೆ. ಡಿಸೆಂಬರ್ 31ರಂದು ಪಕ್ಕದ ವೈರಿ ಲೂಯಿವಿಲ್ ವಿರುದ್ಧ ಹ್ಯಾರೆಲ್‌ಸನ್ 23 ಪಾಯಿಂಟ್, 14 ರಿಬೌಂಡ್ ಮಾಡಿದ. ಮೇಲ್ಮನವಿಯ ಉತ್ತರ ಇನ್ನೂ ಬಂದಿರಲಿಲ್ಲ, ಇವನ ಉತ್ತರ ಬಂದಾಗಿತ್ತು.

ಹಾಗಂತ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ದೊಡ್ಡ ಆಟಗಾರ ಹೋದರೆ ಜನ ಅವನ ಪಾಯಿಂಟ್‌ಗಳನ್ನು ಕಳೆದು ಲೆಕ್ಕ ಹೇಳುತ್ತಾರೆ. ಪೆಟ್ಟು ಬೀಳುವುದು ಅದರಾಚೆ, ಬೆಂಚಿನಲ್ಲಿ. ಕಾಂಟರ್ ಇದ್ದಿದ್ದರೆ ಹ್ಯಾರೆಲ್‌ಸನ್ ಬೆಂಚಿನಿಂದ ಬರುವ ಒಳ್ಳೆಯ ಆಳಾಗುತ್ತಿದ್ದ. ಈಗ ಅವನೇ ಮೊದಲಿಗ. ಹಾಗಾದರೆ ಬೆಂಚಿನಲ್ಲಿ ಯಾರು? ಕ್ಯಾಲಿಪರಿ ಬಹುಪಾಲು 6 ಜನರನ್ನು ನಂಬಿ ಆಡಿಸಿದರು. ಕಾಲೇಜು ಆಟದಲ್ಲಿ 5 ಫೌಲ್ ಆದರೆ ಹೊರಗೆ. ಒಳಗೆ ಆಡುವವನಿಗೆ ಬೇಗ ಎರಡು ಫೌಲ್ ಬಿದ್ದರೆ ಸಾಕು, ಅವನು ಕೈ ಎತ್ತಲು ಹೆದರುತ್ತಾನೆ, ಎದುರಾಳಿ ಸೀದಾ ಬುಟ್ಟಿಯ ಕಡೆ ನುಗ್ಗುತ್ತಾನೆ. ಎದುರಿನ ಕೋಚ್‌ಗೂ ಇದು ಗೊತ್ತು. ಒಳಗೆ ಕಾಂಟರ್‌ನಂಥವನಿದ್ದರೆ ಅವನ ಮೇಲೆ ಇಬ್ಬರನ್ನು ಬಿಡಬೇಕು, ಆಗ ಹೊರಗೆ ನೈಟ್‌ಗೋ ಡೊರೊನ್ ಲ್ಯಾಂಬ್‌ಗೋ ಜಾಗ ಸಿಗುತ್ತದೆ. ಅವನಿಲ್ಲ ಅಂದಾಗ ಎಲ್ಲರೂ ಹೊರಗೇ ಬಂದು ಅಂಟಿಕೊಳ್ಳುತ್ತಾರೆ.

ಇದರ ಬೆಲೆ ಆ ಚಳಿಗಾಲ ಬೇರೆಯವರ ಊರಿನಲ್ಲಿ ಕಾಣಿಸಿತು. ಕೆಂಟಕಿ ತನ್ನ ಗುಂಪಿನ ಪಂದ್ಯಗಳಲ್ಲಿ, ಮನೆಯಲ್ಲಿ ಎಂಟಕ್ಕೆ ಎಂಟೂ ಗೆದ್ದಿತು. ಹೊರಗಿನ 8ರಲ್ಲಿ 6 ಸೋತಿತು. ಸೋಲುಗಳನ್ನು ನೋಡಿ: ಅಲಬಾಮಾದಲ್ಲಿ 68–66, ಓಲ್ ಮಿಸ್‌ನಲ್ಲಿ 71–69, ಫ್ಲೋರಿಡಾದಲ್ಲಿ 70–68, ಅರ್ಕಾನ್ಸಾದಲ್ಲಿ ಹೆಚ್ಚುವರಿ ಅವಧಿಗೆ ಹೋಗಿ 77–76. ಒಂದು ರಿಬೌಂಡ್, ಒಂದು ಬುಟ್ಟಿ, ಅಷ್ಟೇ ದೂರ. ಸುಸ್ತಾದ ಕಾಲುಗಳು ಸೋಲುವುದು ಹೀಗೆಯೇ. ದೇಶದ ಟೂರ್ನಿಗೆ ಹೋಗುವಾಗ ಕೆಂಟಕಿಗೆ ತನ್ನ ವಿಭಾಗದಲ್ಲಿ 4ನೇ ಶ್ರೇಯಾಂಕ ಸಿಕ್ಕಿತು. 4 ಅಂದರೆ ದಾರಿ ಕಷ್ಟ, ಮೂರನೇ ಪಂದ್ಯಕ್ಕೇ ಎದುರಿಗೆ ಒಂದನೇ ಶ್ರೇಯಾಂಕದ ತಂಡ.

ಆ ತಂಡ ಒಹಾಯೊ ಸ್ಟೇಟ್. ಇಡೀ ಟೂರ್ನಿಗೇ ಮೊದಲನೆಯದು. ಅವರ ಸೆಂಟರ್, ಅಂದರೆ ಬುಟ್ಟಿಯ ಕೆಳಗೆ ನಿಲ್ಲುವ ಆಳು, ಜ್ಯಾರೆಡ್ ಸಲಿಂಗರ್, ಆ ವರ್ಷದ ಅತ್ಯುತ್ತಮ ಹೊಸಬರಲ್ಲಿ ಒಬ್ಬ. ಅವನೆದುರು ಹ್ಯಾರೆಲ್‌ಸನ್ 17 ಪಾಯಿಂಟ್, 10 ರಿಬೌಂಡ್ ಮಾಡಿದ. ನನಗೆ ನೆನಪಿರುವುದು ಮಾತ್ರ ಬೇರೆ. ಚೆಂಡು ಹೊರಗೆ ಹೋಗುತ್ತಿತ್ತು. ಹ್ಯಾರೆಲ್‌ಸನ್ ಗೆರೆ ದಾಟಿ ಬೀಳುವ ಹೊತ್ತಿಗೆ ಅದನ್ನು ಹಿಡಿದ, ತಿರುಗಿ ಸಲಿಂಗರ್‌ನ ಎದೆಗೇ ಬೀಸಿ ಹೊಡೆದ. ಅವನಿಗೆ ತಗುಲಿ ಹೊರಹೋದ ಚೆಂಡು ನಿಯಮದ ಪ್ರಕಾರ ಕೆಂಟಕಿಗೇ! ಕಾಲೇಜಿಗೆ ಬಂದು ಮೂರು ವರ್ಷ ಯಾರ ಕಣ್ಣಿಗೂ ಬೀಳದ ಹುಡುಗನ ಸಿಟ್ಟೆಲ್ಲ ಆ ಒಂದು ಎಸೆತದಲ್ಲಿ ಇತ್ತು ಅಂತ ನನಗನ್ನಿಸಿತು. ಕೊನೆಯ ಸೆಕೆಂಡುಗಳಲ್ಲಿ ನೈಟ್ ಬುಟ್ಟಿ ಹಾಕಿದ, 62–60. ಮುಂದಿನ ಪಂದ್ಯದಲ್ಲಿ ನಾರ್ತ್ ಕ್ಯಾರೊಲೈನಾ ಕೂಡ ಬಿತ್ತು. ಕೆಂಟಕಿ ಫೈನಲ್ ಫೋರ್, ಅಂದರೆ ಕೊನೆಯ ನಾಲ್ಕು ತಂಡಗಳ ಘಟ್ಟ, ಸೇರಿತು, ಕಸಿನ್ಸ್, ವಾಲ್ ಇದ್ದ ತಂಡಕ್ಕೂ ಆಗದ ಕೆಲಸ.

ಅಲ್ಲಿ ಕನೆಟಿಕಟ್ ವಿರುದ್ಧ 56–55ಕ್ಕೆ ಸೋತರು. ಎದುರಾಳಿಯ ಫೌಲ್‌ಗೆ ಸಿಗುವ ಫ್ರೀ ಥ್ರೋ ಎಸೆತಗಳು 12, ಬಿದ್ದದ್ದು 4 ಮಾತ್ರ. ಕಾಂಟರ್ ಇದ್ದಿದ್ದರೆ ಆ ರಾತ್ರಿ ಗೆಲ್ಲುತ್ತಿದ್ದರು ಅಂತ ನಾನು ನಂಬುತ್ತೇನೆ. ಒಂದು ಪಾಯಿಂಟ್ ತಾನೇ? ಆದರೆ ಅವನಿದ್ದಿದ್ದರೆ ಆ ಹ್ಯಾರೆಲ್‌ಸನ್ ಹುಟ್ಟುತ್ತಿರಲಿಲ್ಲ ಅನ್ನೋದೂ ಅಷ್ಟೇ ನಿಜ.

ಗಮನಿಸಿ, ಕೆಂಟಕಿಗೆ ಮೊದಲ 'ಇಲ್ಲ' ಬಂದದ್ದು ಪಂದ್ಯಗಳು ಶುರುವಾಗುವ ಹೊತ್ತಿಗೆ. ಕಾಂಟರ್ ಒಂದು ನಿಮಿಷವೂ ಆಡಿರಲಿಲ್ಲ. ಅವನ ಸುತ್ತ ಕಟ್ಟಿದ್ದನ್ನು ಬಿಚ್ಚುವ ಕೆಲಸ ಬೀಳಲಿಲ್ಲ.

ಇನ್ನೂ ಮೊದಲೇ ಗೊತ್ತಾದರೆ ಪೆಟ್ಟು ಇನ್ನೂ ಕಡಿಮೆ. 1986ರಲ್ಲಿ ಓದಿನ ಅಂಕಗಳ ಹೊಸ ನಿಯಮ ಬಂದಾಗ ಮಿಶಿಗನ್ ಸೇರಿದ್ದ ರುಮೀಲ್ ರಾಬಿನ್ಸನ್, ಟೆರಿ ಮಿಲ್ಸ್ ಇಬ್ಬರೂ ಮೊದಲ ವರ್ಷ ಹೊರಗೆ ಕೂರಬೇಕಾಯಿತು. ಕೂತರು, ಓದಿದರು, ಬಂದರು. 1989ರ ಫೈನಲ್‌ನಲ್ಲಿ ಸೀಟನ್ ಹಾಲ್ ವಿರುದ್ಧ ಹೆಚ್ಚುವರಿ ಅವಧಿಯ ಕೊನೆಯಲ್ಲಿ ಎರಡು ಫ್ರೀ ಥ್ರೋ ಹಾಕಿ 80–79ಕ್ಕೆ ಕಪ್ ತಂದವನು ಅದೇ ರಾಬಿನ್ಸನ್.

ನಡುವಿನಲ್ಲಿ ಬಂದರೆ ಕಥೆ ಬೇರೆ. 2019ರಲ್ಲಿ ಮೆಂಫಿಸ್‌ಗೆ ಜೇಮ್ಸ್ ವೈಸ್‌ಮನ್ ಬಂದ, ದೇಶದಲ್ಲೇ ನಂಬರ್ ಒನ್ ಅನ್ನಿಸಿಕೊಂಡ ಹುಡುಗ. ಕೋಚ್ ಪೆನ್ನಿ ಹಾರ್ಡವೇ 2017ರಲ್ಲಿ, ಇನ್ನೂ ಹೈಸ್ಕೂಲ್ ಕೋಚ್ ಆಗಿದ್ದಾಗ, ವೈಸ್‌ಮನ್ ತಾಯಿಗೆ ಮನೆ ಬದಲಾಯಿಸಲು 11,500 ಡಾಲರ್ ಕೊಟ್ಟಿದ್ದರು. ಅದೇ ಹಾರ್ಡವೇ ಹಿಂದೆ, 2008ರಲ್ಲಿ, ಆ ವಿಶ್ವವಿದ್ಯಾಲಯಕ್ಕೆ 10 ಲಕ್ಷ ಡಾಲರ್ ದೇಣಿಗೆ ಕೊಟ್ಟಿದ್ದರಿಂದ ನಿಯಮದ ಕಣ್ಣಿಗೆ ಅವರು ಕಾಲೇಜಿನ ಬೆಂಬಲಿಗ. ಅಂಥ ಬೆಂಬಲಿಗರು ಆಗ ಆಟಗಾರರ ಮನೆಗೆ ದುಡ್ಡು ಕೊಡುವಂತಿರಲಿಲ್ಲ. ಹುಡುಗ ಒಟ್ಟು 3 ಪಂದ್ಯ ಆಡಿದ, ಕೊನೆಯ ಎರಡು ಕೋರ್ಟಿನ ತಡೆಯಾಜ್ಞೆ ಹಿಡಿದು. ಆಮೇಲೆ 12 ಪಂದ್ಯಗಳ ಅಮಾನತು ಬಂತು. ಜನವರಿಯಲ್ಲಿ ವಾಪಸ್ ಬರುತ್ತಾನೆ ಅಂತ ತಂಡ ಕಾಯುತ್ತಿರುವಾಗ, ಡಿಸೆಂಬರ್‌ನಲ್ಲೇ ಅವನು ಕಾಲೇಜು ಬಿಟ್ಟು ಡ್ರಾಫ್ಟ್‌ಗೆ ಸಿದ್ಧವಾಗಲು ಹೊರಟುಬಿಟ್ಟ. ಬಾಗಿಲು ಪೂರ್ತಿ ತೆರೆದೂ ಇಲ್ಲ, ಮುಚ್ಚಿಯೂ ಇಲ್ಲ ಅನ್ನೋ ಸ್ಥಿತಿ ಇದೆಯಲ್ಲ, ಕೋಚ್‌ಗಳಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಇವತ್ತಿನ ಪಂದ್ಯಕ್ಕೆ ಒಂದು ತಂಡ, ಜನವರಿಗೆ ಇನ್ನೊಂದು ತಂಡ ಅಂತ ಎರಡು ಯೋಜನೆ ಇಟ್ಟುಕೊಂಡು ಅಭ್ಯಾಸ ಮಾಡಿಸಬೇಕು. ಡಿಸೆಂಬರ್‌ನಲ್ಲಿ ದೇಶದ ಮೊದಲ ಹತ್ತರೊಳಗಿದ್ದ ಮೆಂಫಿಸ್, ಜನವರಿ ಮುಗಿಯುವ ಮುಂಚೆ ಮೊದಲ 25ರ ಪಟ್ಟಿಯಿಂದಲೇ ಹೊರಬಿತ್ತು.

ಎಲ್ಲ ಮುಗಿದ ಮೇಲೆ ಬರುವ 'ಇಲ್ಲ' ಕೂಡ ಉಂಟು. ಅದೇ ಮೆಂಫಿಸ್, 2008. ಡೆರಿಕ್ ರೋಸ್ ಜೊತೆ 38 ಪಂದ್ಯ ಗೆದ್ದು, ಎರಡೇ ಸೋತು, ಫೈನಲ್‌ವರೆಗೆ ಹೋಗಿದ್ದ ತಂಡ. ಸೀಸನ್ ಮುಗಿದ ಮೇಲೆ ಕಾಲೇಜು ಪ್ರವೇಶಕ್ಕೆ ರೋಸ್ ಕೊಟ್ಟಿದ್ದ ಸ್ಯಾಟ್ ಪರೀಕ್ಷೆಯ ಅಂಕ ರದ್ದಾಯಿತು. ಅಂಕ ಇಲ್ಲ ಅಂದಮೇಲೆ ಅರ್ಹತೆಯೂ ಇರಲಿಲ್ಲ ಅಂತ 2009ರಲ್ಲಿ ಎನ್‌ಸಿಎಎ ಆ 38 ಗೆಲುವುಗಳನ್ನೂ ದಾಖಲೆಯಿಂದ ಅಳಿಸಿತು. ಆಡಿದ ಉಳಿದ ಹುಡುಗರು ಏನು ಪಾಪ ಮಾಡಿದ್ದರು? ಇದು ನನಗೆ ಇವತ್ತಿಗೂ ನುಂಗಲಾಗದ ತೀರ್ಪು. ಅಂದಹಾಗೆ, ಆಗಲೂ ಕೋಚ್ ಕ್ಯಾಲಿಪರಿಯೇ. 2012ರಲ್ಲಿ ಕೆಂಟಕಿಗೆ ಕಪ್ ಗೆದ್ದುಕೊಟ್ಟಾಗ ಅವರ ತಂಡದ ಲೆಕ್ಕ ಮತ್ತೆ 38 ಗೆಲುವು, 2 ಸೋಲು.

ಈಗ ನಿಯಮಗಳು ಬಹಳ ಸಡಿಲವಾಗಿವೆ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ದುಡಿಯಬಹುದು. 2025ರ ಕೋರ್ಟ್ ಒಪ್ಪಂದದ ನಂತರ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಕಾಂಟರ್‌ನ 33,033 ಡಾಲರ್ ಇವತ್ತು ಚಿಲ್ಲರೆ. ಓದಿನ ಅರ್ಹತೆ ಮಾತ್ರ ಹಾಗೇ ಇದೆ: ಹೈಸ್ಕೂಲಿನಲ್ಲಿ 16 ಮುಖ್ಯ ವಿಷಯಗಳು ಪಾಸಾಗಿರಬೇಕು. ಬೆಂಗಳೂರಿನಿಂದ ಹೋಗಿ ಅಲ್ಲಿ ಆಡುವ ಆಸೆ ಇರುವ ಮಕ್ಕಳಿದ್ದರೆ 9ನೇ ತರಗತಿಯಿಂದಲೇ ಮಾರ್ಕ್ಸ್ ಕಾರ್ಡ್ ಜೋಪಾನವಾಗಿಡಿ.

ಇನ್ನು ನಿಮ್ಮ ಮಗನ ಕಾಲೇಜಿಗೂ ಇಂಥ ಸುದ್ದಿ ಬಂದರೆ, ಹೋದವನ ಹಳೇ ವಿಡಿಯೊ ನೋಡುತ್ತ ಕೂರಬೇಡಿ. ಮುಂದಿನ ಪಂದ್ಯದ ಮೊದಲ ಹತ್ತು ನಿಮಿಷ ನೋಡಿ. ಸೆಂಟರ್‌ಗೆ ಎರಡನೇ ಫೌಲ್ ಬಿದ್ದು, ಕೋಚ್ ಬೆಂಚಿನ ಕಡೆ ತಿರುಗುತ್ತಾರಲ್ಲ, ಆಗ ಮೇಲಂಗಿ ಬಿಚ್ಚಿ ಎದ್ದು ಬರುವವನು ಯಾರು ಅಂತ ನೋಡಿ.