ಅಮೆರಿಕದಲ್ಲಿ ಮೆಡಿಕಲ್ ಸೀಟು: ಮಾರ್ಕ್ಸ್ ಒಂದೇ ಸಾಲದಾ?

ಓದುಗರ ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳು ಕಾಲೇಜಿನ ಎರಡನೇ ವರ್ಷ, ಪ್ರೀಮೆಡ್ (ಮೆಡಿಕಲ್ ಸೇರಲು ತಯಾರಿಯ ಓದು). ಜಿಪಿಎ 4ಕ್ಕೆ 3.6. ಈ ಸಲ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಸಿ ಪ್ಲಸ್ ಬಂದು, ಎರಡು ದಿನದಿಂದ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿಲ್ಲ. ನಾನು ದಾವಣಗೆರೆಯಲ್ಲಿ ಓದಿದವಳು. ನಮಗೆ ಗೊತ್ತಿದ್ದುದು ಸಿಇಟಿ ರ‍್ಯಾಂಕ್ ಒಂದೇ. ಇಲ್ಲಿ ಕ್ಲಬ್ಬು, ರಿಸರ್ಚು, ವಾಲಂಟಿಯರಿಂಗ್ ಅಂತ ಏನೇನೋ ಹೇಳುತ್ತಾರೆ. ಅರ್ಜಿ ಗಟ್ಟಿಯಾಗಬೇಕಾದರೆ ಅವಳು ಈಗ ಏನು ಮಾಡಬೇಕು?

ಉತ್ತರ: ಮೊದಲು ಊಟ ಮಾಡಿ. ಒಂದು ಸಿ ಪ್ಲಸ್‌ಗೆ ಸೀಟು ಕೈತಪ್ಪುವುದಿಲ್ಲ.

ಹಾಗಂತ ಮಾರ್ಕ್ಸ್ ಮುಖ್ಯವಲ್ಲ ಅಂತಲ್ಲ. ಅಲ್ಲಿ ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಜನ ಎಂಡಿ ಕೋರ್ಸಿಗೆ (ನಮ್ಮ ಎಂಬಿಬಿಎಸ್ ಇದ್ದ ಹಾಗೆ, ಅಲ್ಲಿ ಡಾಕ್ಟರಾಗುವ ಮೊದಲ ಡಿಗ್ರಿ) ಅರ್ಜಿ ಹಾಕುತ್ತಾರೆ, ಸೇರುವವರು 23 ಸಾವಿರದ ಆಸುಪಾಸು. ಸೇರಿದವರ ಸರಾಸರಿ ಜಿಪಿಎ 3.8ರ ಹತ್ತಿರ. ಮೆಡಿಕಲ್ ಪ್ರವೇಶ ಪರೀಕ್ಷೆ ಎಂಕ್ಯಾಟ್‌ನ ಸ್ಕೋರ್ 528ಕ್ಕೆ 512ರ ಸುತ್ತಮುತ್ತ. ಅದು ಸರಾಸರಿ ಅಷ್ಟೇ, ಅದಕ್ಕಿಂತ ಕಡಿಮೆ ಇದ್ದವರೂ ಒಳಗಿದ್ದಾರೆ. ಇಳಿದ ಗ್ರೇಡು ಮತ್ತೆ ಏರಿತಾ ಅನ್ನುವುದನ್ನು ಕಾಲೇಜುಗಳು ನೋಡುತ್ತವೆ. ಆರ್ಗ್ಯಾನಿಕ್‌ನಲ್ಲಿ ಎಡವಿದವಳು ಬಯೋಕೆಮಿಸ್ಟ್ರಿಯಲ್ಲಿ ಎ ತೆಗೆದರೆ ಅದೇ ಒಳ್ಳೆಯ ಉತ್ತರ. ಅದೇ ಕೋರ್ಸನ್ನು ಮತ್ತೆ ತೆಗೆದುಕೊಂಡರೆ ಹಳೇ ಗ್ರೇಡು ಅಳಿಸಿಹೋಗುತ್ತದೆ ಅಂತ ಹಲವರು ಅಂದುಕೊಂಡಿದ್ದಾರೆ. ಹಾಗಾಗುವುದಿಲ್ಲ. ಹೆಚ್ಚಿನ ಕಾಲೇಜುಗಳಿಗೆ ಒಂದೇ ಅರ್ಜಿ ಕಳಿಸುವ ಆಮ್‌ಕ್ಯಾಸ್ ವ್ಯವಸ್ಥೆ ಎರಡೂ ಗ್ರೇಡುಗಳನ್ನು ಲೆಕ್ಕಕ್ಕೆ ಹಿಡಿಯುತ್ತದೆ.

ಎಂಕ್ಯಾಟ್ ಬಗ್ಗೆ ಒಂದೇ ಮಾತು. ನಮ್ಮ ಮಕ್ಕಳು ವಿಜ್ಞಾನದ ಮೂರು ಭಾಗಕ್ಕೆ ರಾತ್ರಿಯೆಲ್ಲಾ ಓದುತ್ತಾರೆ, ಓದಿ ಅರ್ಥಮಾಡಿಕೊಳ್ಳುವುದನ್ನು ಪರೀಕ್ಷಿಸುವ ಕಾರ್ಸ್ ಭಾಗವನ್ನು ಕೊನೆಯ ತಿಂಗಳಿಗೆ ಬಿಡುತ್ತಾರೆ. 90 ನಿಮಿಷ, 53 ಪ್ರಶ್ನೆ, ಕಲೆ-ಇತಿಹಾಸ-ಸಮಾಜದ ಮೇಲಿನ ಬರಹ ಓದಿ ಉತ್ತರಿಸಬೇಕು. ಇದಕ್ಕೆ ಬಾಯಿಪಾಠ ನಡೆಯುವುದಿಲ್ಲ. ಈಗಿನಿಂದಲೇ ದಿನಕ್ಕೊಂದು ಗಂಭೀರ ಲೇಖನ ಓದುವ ಅಭ್ಯಾಸವಾದರೆ ಆಮೇಲೆ ಕಷ್ಟ ಕಡಿಮೆ.

ಇನ್ನು ಸಿಇಟಿ ಕಾಲದ ನಮಗೆ ತಲೆಗೆ ಹೋಗದ ಭಾಗಕ್ಕೆ ಬರೋಣ. ಊರಲ್ಲಿ ರ‍್ಯಾಂಕ್ ಬಂದರೆ ಮುಗಿಯಿತು, 'ನಿಂಗೆ ರೋಗಿಗಳ ಜೊತೆ ಇರೋಕೆ ಆಗುತ್ತಾ?' ಅಂತ ಯಾರೂ ಕೇಳುತ್ತಿರಲಿಲ್ಲ. ಅಮೆರಿಕದಲ್ಲಿ ಅದನ್ನೇ ಕೇಳುತ್ತಾರೆ. ನಿನಗೆ ಈ ಕೆಲಸ ಹೇಗಿರುತ್ತೆ ಅಂತ ಗೊತ್ತಾ? ಹೇಗೆ ಗೊತ್ತಾಯ್ತು? ಎಷ್ಟು ದಿನ ನೋಡಿದೆ? ಕ್ಲಬ್ಬುಗಳ ಪಟ್ಟಿ ಇದಕ್ಕೆ ಉತ್ತರವಲ್ಲ. ಏಳು ಕ್ಲಬ್ಬಿನಲ್ಲಿ ಹೆಸರಿದ್ದು ಒಂದರಲ್ಲೂ ಕೆಲಸ ಮಾಡದವರನ್ನು ಅವರು ತುಂಬಾ ನೋಡಿದ್ದಾರೆ. ಒಂದೇ ಜಾಗಕ್ಕೆ ವಾರಕ್ಕೆ ನಾಲ್ಕು ಗಂಟೆಯಂತೆ ಎರಡು ವರ್ಷ ಹೋದವಳ ಕಡೆಗೆ ಮಾತ್ರ ಕಣ್ಣು ನಿಲ್ಲುತ್ತದೆ. ಅದು ಆಸ್ಪತ್ರೆಯ ವಾಲಂಟಿಯರ್ ಕೆಲಸ ಇರಬಹುದು, ಕೊನೆಗಾಲದ ರೋಗಿಗಳಿರುವ ಹಾಸ್ಪಿಸ್ ಇರಬಹುದು. ಡಾಕ್ಟರ ಪಕ್ಕ ಕೂತು ರೋಗಿಯ ವಿವರ ಟೈಪ್ ಮಾಡುವ ಸ್ಕ್ರೈಬ್ ಕೆಲಸವೂ ಇದೆ, ಅದಕ್ಕೆ ಸಂಬಳವೂ ಬರುತ್ತದೆ. ಆಂಬ್ಯುಲೆನ್ಸಿನಲ್ಲಿ ಹೋಗುವ ಇಎಂಟಿ ತರಬೇತಿಯನ್ನು ಸಾಮಾನ್ಯವಾಗಿ ಕೆಲವೇ ತಿಂಗಳಲ್ಲಿ ಮುಗಿಸಬಹುದು.

ಡಾಕ್ಟರ ಹಿಂದೆ ಸುಮ್ನೆ ನಿಂತು ನೋಡುವ ಶ್ಯಾಡೋಯಿಂಗ್ ಕೂಡ ಬೇಕು. ಆದರೆ ಅದು ನೋಡುವುದು ಮಾತ್ರ, ಮೇಲೆ ಹೇಳಿದ್ದಕ್ಕೆ ಬದಲಿಯಲ್ಲ.

ಇಲ್ಲಿ ನಮ್ಮವರ ಒಂದು ಅಭ್ಯಾಸದ ಬಗ್ಗೆ ಹೇಳಲೇಬೇಕು. ಬೇಸಿಗೆ ರಜೆಗೆ ಮಗಳನ್ನು ದಾವಣಗೆರೆಗೆ ಕಳಿಸುವುದು, ಸೋದರಮಾವನ ನರ್ಸಿಂಗ್ ಹೋಮಿನಲ್ಲಿ ಒಂದು ತಿಂಗಳು ಬಿಡುವುದು. ಮಾವ ಪ್ರೀತಿಯಿಂದ 'ಬಾ ಪುಟ್ಟಿ, ಈ ಎರಡು ಹೊಲಿಗೆ ನೀನೇ ಹಾಕು' ಅನ್ನುತ್ತಾರೆ. ಮಗಳು ಹಿಗ್ಗಿನಿಂದ ಅದನ್ನೇ ಅರ್ಜಿಯಲ್ಲಿ ಬರೆಯುತ್ತಾಳೆ. ದಯವಿಟ್ಟು ಬೇಡ. ತರಬೇತಿ ಇಲ್ಲದವರು ಬೇರೆ ದೇಶದಲ್ಲಿ ರೋಗಿಗಳ ಮೇಲೆ ಕೈಯಾಡಿಸುವುದು ತಪ್ಪು ಅಂತ ಅಲ್ಲಿನ ಮೆಡಿಕಲ್ ಕಾಲೇಜುಗಳ ಸಂಘ ಎಎಎಂಸಿ ಲಿಖಿತ ಸೂಚನೆಯನ್ನೇ ಕೊಟ್ಟಿದೆ. ಅಂಥ ಸಾಲು ಅರ್ಜಿಗೆ ಬಲ ಕೊಡುವುದಿಲ್ಲ, ಮುಳುವಾಗುತ್ತದೆ. ಹೊಲಿಗೆ ಹಾಕಿಸಿಕೊಂಡವರೂ ಯಾರದೋ ಮನೆಯವರೇ, ಅಲ್ವಾ? ಹೋಗಿ ನೋಡಲಿ, ಕೈ ಹಿಂದೆ ಕಟ್ಟಿಕೊಂಡು.

ಮಾಡಿದ್ದನ್ನು ಬರೆಯುವುದು ಹೇಗೆ ಅನ್ನುವುದೂ ಅಷ್ಟೇ ಮುಖ್ಯ. ಆಮ್‌ಕ್ಯಾಸ್‌ನಲ್ಲಿ ಚಟುವಟಿಕೆಗಳಿಗೆ 15 ಖಾನೆ. ಒಂದೊಂದಕ್ಕೆ 700 ಅಕ್ಷರ, ಅದೂ ಖಾಲಿ ಜಾಗ ಸೇರಿ. ಎಲ್ಲವನ್ನೂ ತುಂಬಲೇಬೇಕೆಂದಿಲ್ಲ. ಹೆಚ್ಚಿನ ಮಕ್ಕಳು ಹೀಗೆ ಬರೆಯುತ್ತಾರೆ: 'ಎಮರ್ಜೆನ್ಸಿ ವಿಭಾಗದಲ್ಲಿ ರೋಗಿಗಳಿಗೆ ನೆರವಾದೆ. ಕರುಣೆ ಮತ್ತು ತಂಡದ ಕೆಲಸ ಕಲಿತೆ.' ಓದಿದವರಿಗೆ ಏನೂ ಕಾಣಿಸುವುದಿಲ್ಲ. ಅದೇ ಹುಡುಗಿ ಹೀಗೆ ಬರೆದರೆ ನೋಡಿ: 'ನನ್ನ ಕೆಲಸ ಕಂಬಳಿ ಮತ್ತು ನೀರು ಕೊಡುವುದು. ಕೇಳಿದವರಿಗೆಲ್ಲಾ ನೀರು ಕೊಡುವಂತಿಲ್ಲ, ಆಪರೇಷನ್ ಆಗಬಹುದಾದವರು ಏನೂ ಕುಡಿಯಬಾರದು ಅಂತ ಮೊದಲ ದಿನವೇ ನರ್ಸ್ ತಡೆದು ಹೇಳಿದರು. ಬಾಯಾರಿದ ಅಜ್ಜ ಒಬ್ಬರಿಗೆ ಇಲ್ಲ ಅನ್ನಬೇಕಾಯಿತು. ಬರೀ ಇಲ್ಲ ಅಂದು ಬರದೆ, ಯಾಕೆ ಅಂತ ನರ್ಸ್ ಬಂದು ಹೇಳುವವರೆಗೂ ಅವರ ಪಕ್ಕ ನಿಂತಿದ್ದೆ.' ಕೆಲಸ ಅದೇ, ಗಂಟೆಗಳೂ ಅವೇ. ಎರಡನೆಯದರಲ್ಲಿ ಒಬ್ಬ ಹುಡುಗಿ ಕಾಣುತ್ತಾಳೆ. ಇಂಥದ್ದು ಎರಡು ವರ್ಷ ಆದಮೇಲೆ ನೆನಪಿಗೆ ಬರುವುದಿಲ್ಲ. ಅದಕ್ಕೆ ಪ್ರತಿ ಸಲ ಮನೆಗೆ ಬಂದಮೇಲೆ ಫೋನಿನಲ್ಲಿ ನಾಲ್ಕು ಸಾಲು ಬರೆದಿಟ್ಟುಕೊಳ್ಳಲಿ. ರೋಗಿಗಳ ಹೆಸರು, ಗುರುತು ಮಾತ್ರ ಬೇಡ.

ಆಸ್ಪತ್ರೆಗೆ ಸಂಬಂಧವಿಲ್ಲದ್ದಕ್ಕೂ ಆ ಖಾನೆಗಳಲ್ಲಿ ಜಾಗವಿದೆ. ಭಾನುವಾರ ಕನ್ನಡ ಕೂಟದ ಮಕ್ಕಳಿಗೆ ಅಕ್ಷರ ಕಲಿಸುತ್ತಾಳಾ? ಬರೆಯಲಿ. ಭರತನಾಟ್ಯ ಕಾಲೇಜಿನಲ್ಲೂ ಮುಂದುವರಿದಿದ್ದರೆ ಅದನ್ನೂ ಬರೆಯಲಿ. ರಿಸರ್ಚ್ ಇದ್ದರೆ ಒಳ್ಳೆಯದು, ಸಂಶೋಧನೆಗೆ ಹೆಸರಾದ ಕಾಲೇಜುಗಳಿಗಂತೂ ಬೇಕೇ ಬೇಕು. ಆದರೆ ಇಷ್ಟವಿಲ್ಲದೆ ಲ್ಯಾಬಿನಲ್ಲಿ ಟೆಸ್ಟ್ ಟ್ಯೂಬ್ ತೊಳೆದು ಬಂದರೆ ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ.

ರೆಕಮೆಂಡೇಷನ್ ಪತ್ರಗಳಿಗೆ ಸಾಮಾನ್ಯವಾಗಿ ಇಬ್ಬರು ವಿಜ್ಞಾನದ ಪ್ರೊಫೆಸರ್, ಒಬ್ಬರು ಬೇರೆ ವಿಷಯದವರು ಬೇಕಾಗುತ್ತದೆ. ಮುನ್ನೂರು ಜನರ ಕ್ಲಾಸಿನಲ್ಲಿ ಹಿಂದಿನ ಬೆಂಚಲ್ಲಿ ಕೂತು ಎ ತೆಗೆದವಳ ಬಗ್ಗೆ ಯಾರು ಏನು ಬರೆಯಲು ಸಾಧ್ಯ? ಸಿ ಪ್ಲಸ್ ಕೊಟ್ಟ ಆ ಪ್ರೊಫೆಸರ್ ಹತ್ತಿರವೇ ಆಫೀಸ್ ಅವರ್ಸ್‌ಗೆ ಹೋಗಿ 'ನಾನು ತಪ್ಪಿದ್ದೆಲ್ಲಿ?' ಅಂತ ಕೇಳಲಿ. ಮೇಷ್ಟ್ರ ಕೋಣೆಗೆ ಹೋಗಲು ನಮ್ಮ ಮಕ್ಕಳಿಗೆ ಸಂಕೋಚ ಜಾಸ್ತಿ. ಅದು ನಾವೇ ಕೊಟ್ಟ ಬಳುವಳಿ.

ಸಮಯದ ಲೆಕ್ಕವನ್ನೂ ಹಾಕಿಕೊಳ್ಳಿ. ಡಿಗ್ರಿ ಮುಗಿದ ವರ್ಷವೇ ಮೆಡಿಕಲ್ ಸೇರಬೇಕಾದರೆ ಮೂರನೇ ವರ್ಷದ ಕೊನೆಯ ಮೇ-ಜೂನ್‌ನಲ್ಲೇ ಅರ್ಜಿ ಹೋಗಬೇಕು. ಅನೇಕ ಕಾಲೇಜುಗಳು ಅರ್ಜಿ ಬಂದ ಹಾಗೆ ಇಂಟರ್‌ವ್ಯೂಗೆ ಕರೆಯುತ್ತವೆ, ತಡವಾದಷ್ಟೂ ಜಾಗ ಕಡಿಮೆ. ಅಂದರೆ ನಿಮ್ಮ ಮಗಳಿಗೆ ಉಳಿದಿರುವುದು ಒಂದು ವರ್ಷ ಚಿಲ್ಲರೆ. ನನ್ನನ್ನು ಕೇಳಿದರೆ ಒಂದು ಗ್ಯಾಪ್ ಇಯರ್ ತೆಗೆದುಕೊಳ್ಳಲಿ. ಊರಲ್ಲಿ ವರ್ಷ ತಪ್ಪಿದರೆ ನೆಂಟರ ಮುಂದೆ ತಲೆ ತಗ್ಗಿಸಬೇಕಿತ್ತು. ಅಲ್ಲಿ ಮೆಡಿಕಲ್ ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕನಿಷ್ಠ ಒಂದು ವರ್ಷ ಬಿಟ್ಟೇ ಬಂದಿರುತ್ತಾರೆ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯ: ಮಗಳು ಸಿಟಿಜನ್ನಾ, ಗ್ರೀನ್ ಕಾರ್ಡಾ, ಕೆಲಸದ ವೀಸಾದವರ ಮನೆಯವರಿಗೆ ಕೊಡುವ ಎಚ್-4 ವೀಸಾದಲ್ಲಿದ್ದಾಳಾ? ಎಚ್-4 ಆದರೆ 21 ತುಂಬಿದ ಮೇಲೆ ಅದು ನಡೆಯುವುದಿಲ್ಲ. ಸಾಮಾನ್ಯವಾಗಿ ವಿದ್ಯಾರ್ಥಿ ವೀಸಾ ಎಫ್-1ಕ್ಕೆ ಬದಲಾಯಿಸಬೇಕಾಗುತ್ತದೆ. ಆಗ ಅವಳು ವಿದೇಶಿ ವಿದ್ಯಾರ್ಥಿ, ಮತ್ತು ಬಹಳಷ್ಟು ಮೆಡಿಕಲ್ ಕಾಲೇಜುಗಳು ವಿದೇಶಿಯರ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ಯಾವ ಕಾಲೇಜು ತೆಗೆದುಕೊಳ್ಳುತ್ತದೆ ಅನ್ನುವ ವಿವರ ಎಎಎಂಸಿಯ ಎಂಎಸ್‌ಎಆರ್ ಎಂಬ ಆನ್‌ಲೈನ್ ಪಟ್ಟಿಯಲ್ಲಿದೆ. ಉಳಿದದ್ದಕ್ಕೆ ಕೈಹಾಕುವ ಮೊದಲು ಈ ವಾರವೇ ಅದನ್ನೊಮ್ಮೆ ತೆಗೆದು ನೋಡಿ.